ಸ್ನೋಮೊಬೈಲ್ ಇಂಜಿನ್ನಿನ ಗಾಳಿ-ಪೆಟ್ರೋಲು ಲೆಕ್ಕ, ಮತ್ತು ಅದರೊಳಗೆ ಕಟ್ಟುವ ಕರಿ

ಅಮೆರಿಕದ ಮಿನೆಸೋಟಾ, ವಿಸ್ಕಾನ್ಸಿನ್, ಕೆನಡಾದ ಒಂಟಾರಿಯೊ, ಕ್ವಿಬೆಕ್ ಕಡೆಗಳಲ್ಲಿ ನವೆಂಬರ್ ಮುಗಿಯುತ್ತಿದ್ದಂತೆ ಗ್ಯಾರೇಜಿನ ಮೂಲೆಯಲ್ಲಿದ್ದ ಸ್ನೋಮೊಬೈಲ್‌ಗಳ ಹೊದಿಕೆ ಸರಿಯುತ್ತದೆ. ಮುಂದೆ ಎರಡು ಸ್ಕೀ, ಹಿಂದೆ ಹಿಮವನ್ನು ಅಗೆದುಕೊಂಡು ತಿರುಗುವ ಅಗಲವಾದ ರಬ್ಬರ್ ಪಟ್ಟಿ, ನಡುವೆ ಒಂದು ಇಂಜಿನ್ ಇರುವ ಈ ಗಾಡಿಯನ್ನು ಜನಸಾಮಾನ್ಯರ ವಾಹನವನ್ನಾಗಿ ಮಾಡಿದವರಲ್ಲಿ ಕ್ವಿಬೆಕ್‌ನ ವಾಲ್ಕೂರ್ ಊರಿನ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ ಪ್ರಮುಖರು. ಅವರ ಸ್ಕೀ-ಡೂ 1959ರಲ್ಲಿ ಮಾರುಕಟ್ಟೆಗೆ ಬಂತು. ಮಿನೆಸೋಟಾದ ರೋಸೋದಲ್ಲಿ ಪೊಲಾರಿಸ್, ಥೀಫ್ ರಿವರ್ ಫಾಲ್ಸ್‌ನಲ್ಲಿ ಆರ್ಕ್ಟಿಕ್ ಕ್ಯಾಟ್ ಬೆಳೆದವು.

ಆ ಸೀಮೆಯಲ್ಲಿ ನೆಲೆಸಿ, ಅಕ್ಕಪಕ್ಕದವರನ್ನು ನೋಡಿ ಒಂದು ಹಳೆಯ ಸ್ನೋಮೊಬೈಲ್ ಕೊಂಡ ಕನ್ನಡಿಗರಿಗೆ ಮೊದಲ ಚಳಿಗಾಲದಲ್ಲೇ ಎದುರಾಗುವ ಪ್ರಶ್ನೆ ಒಂದೇ. ಸೊನ್ನೆ ಡಿಗ್ರಿಯಲ್ಲಿ ಸಲೀಸಾಗಿ ಓಡಿದ ಗಾಡಿ ಮೈನಸ್ 30ರಲ್ಲಿ ಏಕೆ ತಡವರಿಸುತ್ತದೆ, ಅಥವಾ ಅದಕ್ಕಿಂತ ಕೆಟ್ಟದಾಗಿ, ಪೂರ್ತಿ ವೇಗದಲ್ಲಿ ಹೋಗುತ್ತಿರುವಾಗಲೇ ಏಕೆ ಸೀಜ್ ಆಗಿಬಿಡುತ್ತದೆ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಂತುಬಿಡುತ್ತದೆ? ಉತ್ತರವನ್ನು ಎಲ್ಲರೂ ಗಾಳಿಗೆ ಪೆಟ್ರೋಲು ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲು ಹಾದುಬರುವ ಅದರ ಸಣ್ಣ ರಂಧ್ರದ ತುಣುಕಿನಲ್ಲಿ, ಹುಡುಕುತ್ತಾರೆ. ಅರ್ಧ ಉತ್ತರ ಅಲ್ಲಿರುವುದು ನಿಜ. ಉಳಿದರ್ಧ ಇಂಜಿನ್ನಿನೊಳಗೆ ಕಟ್ಟಿಕೊಂಡ ಕರಿಯಲ್ಲಿರುತ್ತದೆ, ಮತ್ತು ಅನೇಕ ಸಲ ಮೊದಲು ನೋಡಬೇಕಾದದ್ದು ಅದನ್ನೇ.

ಎಣ್ಣೆಯನ್ನೂ ಸುಡುವ ಇಂಜಿನ್

ಸ್ನೋಮೊಬೈಲ್‌ಗಳಲ್ಲಿ ಫೋರ್ ಸ್ಟ್ರೋಕ್ ಇಂಜಿನ್ ಇರುವವೂ ಇವೆ. ಆದರೆ ಹಗುರವಾಗಿರಬೇಕು, ಶಕ್ತಿಯೂ ಬೇಕು ಎಂಬ ಕಾರಣಕ್ಕೆ ಟೂ ಸ್ಟ್ರೋಕ್ ಇಲ್ಲಿ ಇನ್ನೂ ಜೀವಂತವಾಗಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಯೆಜ್ಡಿ ಓಡಿಸಿದವರಿಗೆ ಇದರ ಮೂಲಸ್ವಭಾವ ಹೊಸದಲ್ಲ. ಪಿಸ್ಟನ್ ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗೆ ಬಂದರೆ ಒಂದು ಸುತ್ತು ಮುಗಿಯುತ್ತದೆ, ಆ ಪ್ರತಿ ಸುತ್ತಿಗೂ ಒಂದು ಸಲ ಕಿಡಿ ಹತ್ತುತ್ತದೆ. ನಿಮಿಷಕ್ಕೆ 8000 ಸುತ್ತು ತಿರುಗುವ ಸ್ನೋಮೊಬೈಲ್ ಇಂಜಿನ್ನಿನ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 130ಕ್ಕೂ ಹೆಚ್ಚು ಸಲ ಬೆಂಕಿ ಹೊತ್ತುತ್ತದೆ ಎಂದರೆ ಒಳಗಿನ ಶಾಖ ಎಷ್ಟಿರಬೇಕೆಂದು ಊಹಿಸಬಹುದು.

ಫೋರ್ ಸ್ಟ್ರೋಕ್‌ನಲ್ಲಿ ಇರುವಂತೆ ಇಲ್ಲಿ ಇಂಜಿನ್ನಿನ ತಳದಲ್ಲಿ ಆಯಿಲ್ ತುಂಬಿಟ್ಟಿರುವುದಿಲ್ಲ. ಪೆಟ್ರೋಲು ಮತ್ತು ಗಾಳಿ ಆ ತಳದ ಮೂಲಕವೇ ಹಾದು ಮೇಲೆ ಹೋಗುವುದರಿಂದ, ಬೇರಿಂಗು, ಪಿಸ್ಟನ್ನುಗಳಿಗೆ ಬೇಕಾದ ಜಿಡ್ಡನ್ನು ಅದರ ಜೊತೆಯಲ್ಲೇ ಕಳಿಸಬೇಕು. ಹಳೆಯ ಗಾಡಿಗಳಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸುತ್ತಾರೆ. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿಲೀಟರ್. ಉಳಿದವುಗಳಲ್ಲಿ ಒಂದು ಸಣ್ಣ ಪಂಪು ಬೇರೆ ಟ್ಯಾಂಕಿನಿಂದ ಆಯಿಲ್ ಎಳೆದು ಕೊಡುತ್ತದೆ. ಹೇಗೇ ಬರಲಿ, ಕೆಲಸ ಮುಗಿಸಿದ ಆಯಿಲ್ ಪೆಟ್ರೋಲಿನ ಜೊತೆ ಉರಿದು ಸೈಲೆನ್ಸರಿನಿಂದ ಹೊರಗೆ ಹೋಗಬೇಕು. ಅದರಲ್ಲಿ ಪೂರ್ತಿ ಉರಿಯದೆ ಉಳಿದ ಪಾಲೇ ಮುಂದೆ ಕರಿಯಾಗುತ್ತದೆ.

ದಟ್ಟ ಮಿಶ್ರಣ, ತೆಳು ಮಿಶ್ರಣ

ಒಂದು ಕಿಲೋ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇದು ತೂಕದ ಲೆಕ್ಕ, ಅಳತೆಯ ಲೆಕ್ಕವಲ್ಲ ಎಂಬುದನ್ನು ನೆನಪಿಡಬೇಕು; ಮುಂದಿನ ಇಡೀ ಕತೆ ಇದರ ಮೇಲೆಯೇ ನಿಂತಿದೆ. ಪೆಟ್ರೋಲಿನ ಪಾಲು ಇದಕ್ಕಿಂತ ಹೆಚ್ಚಿದ್ದರೆ ಅದು ದಟ್ಟ ಮಿಶ್ರಣ, ಮೆಕ್ಯಾನಿಕ್‌ಗಳ ಬಾಯಲ್ಲಿ ‘ರಿಚ್’. ಗಾಳಿಯ ಪಾಲು ಹೆಚ್ಚಿದ್ದರೆ ತೆಳು ಮಿಶ್ರಣ, ಅಂದರೆ ‘ಲೀನ್’. ಇಂಜಿನ್ನಿನಿಂದ ಅತಿ ಹೆಚ್ಚು ಶಕ್ತಿ ಸಿಗುವುದು ತುಸು ದಟ್ಟವಾದ, 12.5ರಿಂದ 13ರ ಆಸುಪಾಸಿನ ಮಿಶ್ರಣದಲ್ಲಿ.

ಕಂದೀಲಿನ ಬತ್ತಿಯನ್ನು ಬೇಕಾದ್ದಕ್ಕಿಂತ ಮೇಲೆತ್ತಿದರೆ ಉರಿ ಕೆಂಪಾಗಿ, ಹೊಗೆಯಾಡಿ, ಗಾಜು ಕಪ್ಪಾಗುತ್ತದೆ. ದಟ್ಟ ಮಿಶ್ರಣದ ಇಂಜಿನ್ನಿನ ಒಳಗೆ ಆಗುವುದು ಅದೇ. ಪ್ಲಗ್ ಕಪ್ಪಾಗಿ ಒದ್ದೆಯಾಗುತ್ತದೆ, ಇಂಜಿನ್ ಮುಕ್ಕರಿಯುತ್ತದೆ, ಪಿಕಪ್ ಬರುವುದಿಲ್ಲ. ಕಿರಿಕಿರಿಯೇ ಹೊರತು ತಕ್ಷಣದ ಅಪಾಯವಲ್ಲ.

ತೆಳು ಮಿಶ್ರಣದ ಅಪಾಯ ಬೇರೆ ಬಗೆಯದು, ಮತ್ತು ಅದು ಮೋಸದ್ದು. ಮಡಕೆಯ ಮೈಯಿಂದ ನೀರು ಆವಿಯಾಗುತ್ತಾ ಒಳಗಿನ ನೀರನ್ನು ತಣ್ಣಗಿಡುವಂತೆ, ಸಿಲಿಂಡರಿಗೆ ಬರುವ ಪೆಟ್ರೋಲಿನ ಹನಿಗಳು ಆವಿಯಾಗುವಾಗ ಪಿಸ್ಟನ್ನಿನ ತಲೆಯಿಂದ ಶಾಖ ಹೀರಿಕೊಳ್ಳುತ್ತವೆ. ಪೆಟ್ರೋಲು ಕಡಿಮೆಯಾದರೆ ಈ ತಂಪು ಕಡಿಮೆ. ಅದರ ಜೊತೆ, ಆಯಿಲ್ ಬೆರೆಸಿದ ಪೆಟ್ರೋಲಿನಲ್ಲಿ ಓಡುವ ಗಾಡಿಯಾದರೆ ಜಿಡ್ಡೂ ಕಡಿಮೆ. ಪಿಸ್ಟನ್ ಮಾಡಿರುವ ಅಲ್ಯೂಮಿನಿಯಂ ಮಿಶ್ರಲೋಹದ ಮುಖ್ಯ ಲೋಹ 660 ಡಿಗ್ರಿಗೆ ಕರಗುತ್ತದೆ, ಉರಿಯ ಶಾಖ 2000 ಡಿಗ್ರಿ ದಾಟುತ್ತದೆ. ಇವೆರಡರ ನಡುವೆ ಕಾಪಾಡುತ್ತಿರುವುದು ತಂಪಾಗಿಸುವ ವ್ಯವಸ್ಥೆ ಮತ್ತು ಮಿಶ್ರಣದ ಹದ ಮಾತ್ರ. ತೆಳುವಾಗುತ್ತಾ ಹೋಗುವ ಇಂಜಿನ್ ಒಂದು ಹಂತದವರೆಗೆ ಹಿಂದೆಂದಿಗಿಂತ ಚುರುಕಾಗಿ, ಹೊಗೆಯಿಲ್ಲದೆ ಓಡುತ್ತದೆ. ಸವಾರ ಖುಷಿಯಾಗಿರುವಾಗಲೇ ಪಿಸ್ಟನ್ನಿನ ಅಂಚು ಕರಗಿ ಸಿಲಿಂಡರಿಗೆ ಅಂಟಿಕೊಳ್ಳುತ್ತದೆ. ಅಲ್ಲಿನ ಸವಾರರು ಇದನ್ನು ‘ಬರ್ನ್ ಡೌನ್’ ಎನ್ನುತ್ತಾರೆ.

ಚಳಿ ಹೆಚ್ಚಾದರೆ ಮಿಶ್ರಣ ಏಕೆ ತೆಳುವಾಗುತ್ತದೆ

ತಣ್ಣಗಾದ ಗಾಳಿ ಕುಗ್ಗುತ್ತದೆ. ಸಮುದ್ರಮಟ್ಟದ ಒತ್ತಡದಲ್ಲಿ ಸೊನ್ನೆ ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.29 ಕಿಲೋ, ಮೈನಸ್ 30ರಲ್ಲಿ ಅದು ಸುಮಾರು 1.45 ಕಿಲೋ. ಎಂದರೆ ಇಂಜಿನ್ ಪ್ರತಿ ಸುತ್ತಿಗೂ ಅಷ್ಟೇ ಅಳತೆಯ ಗಾಳಿ ಎಳೆದುಕೊಂಡರೂ, ತೂಕದಲ್ಲಿ ಶೇ. 12ರಷ್ಟು ಹೆಚ್ಚು ಗಾಳಿ ಒಳಗೆ ಬಂದಿರುತ್ತದೆ. ಭಾರವಾದ ಗಾಳಿ ಕಾರ್ಬ್ಯುರೇಟರಿನಲ್ಲಿ ತುಸು ಜೋರಾಗಿ ಪೆಟ್ರೋಲನ್ನು ಹೀರುವುದರಿಂದ ಪೆಟ್ರೋಲೂ ಒಂದಿಷ್ಟು ಹೆಚ್ಚುತ್ತದೆ, ಆದರೆ ಅದು ಸುಮಾರು ಅರ್ಧದಷ್ಟು ಮಾತ್ರ, ಅಂದರೆ ಶೇ. 6ರ ಹತ್ತಿರ. ಸೊನ್ನೆ ಡಿಗ್ರಿಯಲ್ಲಿ 13ಕ್ಕೆ ಹದ ಮಾಡಿದ್ದ ಇಂಜಿನ್ ಆ ಬೆಳಗ್ಗೆ 13.8ರಲ್ಲಿ ಓಡುತ್ತಿರುತ್ತದೆ. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ. ಹೆಪ್ಪುಗಟ್ಟಿದ ಕೆರೆಯ ಮೇಲೆ ಐದು ನಿಮಿಷ ಥ್ರಾಟಲ್ (ಆಕ್ಸಿಲರೇಟರ್) ಪೂರ್ತಿ ಒತ್ತಿ ಹಿಡಿದವನಿಗೆ ಸಣ್ಣದಲ್ಲ.

ಎತ್ತರದ ಪ್ರದೇಶದಲ್ಲಿ ಇದು ತಿರುಗುಮುರುಗು. ರೋಸೋ ಊರು ಸಮುದ್ರಮಟ್ಟದಿಂದ ಸುಮಾರು 320 ಮೀಟರ್ ಮೇಲಿದೆ. ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್ 2000 ಮೀಟರ್ ದಾಟುತ್ತದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 80ರ ಆಸುಪಾಸಿಗೆ ಇಳಿದಿರುತ್ತದೆ. ತಗ್ಗಿನ ಹದದಲ್ಲೇ ಗಾಡಿಯನ್ನು ಅಲ್ಲಿಗೆ ಒಯ್ದರೆ ಮಿಶ್ರಣ ದಟ್ಟವಾಗಿ ಇಂಜಿನ್ ಉಸಿರುಗಟ್ಟುತ್ತದೆ. ನಮ್ಮವರು ಪ್ರವಾಸಕ್ಕೆ ಹೋಗಿ ಸ್ನೋಮೊಬೈಲ್ ಹತ್ತುವ ಕಾಶ್ಮೀರದ ಗುಲ್ಮಾರ್ಗ್ ಸುಮಾರು 2650 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿಯೂ ಇದೇ ಲೆಕ್ಕ. ಚಳಿ ಮತ್ತು ಎತ್ತರ ಎರಡನ್ನೂ ಸೇರಿಸಿ ಯಾವ ಜೆಟ್ ಹಾಕಬೇಕೆಂಬ ಕೋಷ್ಟಕವನ್ನು ಗಾಡಿಯ ಕೈಪಿಡಿಯಲ್ಲೋ ಬಾನೆಟ್ಟಿನ ಒಳಬದಿಯಲ್ಲೋ ತಯಾರಕರೇ ಕೊಟ್ಟಿರುತ್ತಾರೆ. ಗೆಳೆಯರ ಸಲಹೆಗಿಂತ ಮೊದಲು ಅದನ್ನು ನೋಡುವುದು ಒಳ್ಳೆಯದು.

ಪೆಟ್ರೋಲಿನ ಗುಣವೂ ಇಲ್ಲಿ ಬರುತ್ತದೆ. ಶೇ. 10ರಷ್ಟು ಎಥನಾಲ್ ಇರುವ ಪೆಟ್ರೋಲಿಗೆ 14.7ರ ಬದಲು ಸುಮಾರು 14.1 ಪಾಲು ಗಾಳಿ ಸಾಕು. ಹಾಗಾಗಿ ಶುದ್ಧ ಪೆಟ್ರೋಲಿಗೆ ಹದ ಮಾಡಿದ ಕಾರ್ಬ್ಯುರೇಟರಿಗೆ ಅದನ್ನು ತುಂಬಿದರೆ ಮಿಶ್ರಣ ಶೇ. 4ರಷ್ಟು ತೆಳುವಾಗುತ್ತದೆ. ಭಾರತದಲ್ಲಿ ಈಗ ಬಂಕುಗಳಲ್ಲಿ ಸಿಗುವ ಇ20 (ಶೇ. 20ರಷ್ಟು ಎಥನಾಲ್ ಇರುವ ಪೆಟ್ರೋಲು) ಬಗ್ಗೆ ಹಳೆಯ ಬೈಕಿನವರು ಕೇಳುವ ಪ್ರಶ್ನೆಗಳ ಹಿಂದೆ ಇರುವುದೂ ಇದೇ ಗಣಿತ. ಇನ್ನೊಂದು ಸಂಗತಿ ಕೇಳಿದ ಕೂಡಲೇ ನಂಬುವಂತಿಲ್ಲ: ಇಂಜಿನ್ನಿಗೆ ಒಳ್ಳೆಯದಾಗಲೆಂದು ಪೆಟ್ರೋಲಿಗೆ ಹೆಚ್ಚು ಆಯಿಲ್ ಬೆರೆಸಿದರೆ ಮಿಶ್ರಣ ತೆಳುವಾಗುತ್ತದೆ. ಜೆಟ್ಟಿನ ರಂಧ್ರದಲ್ಲಿ ಆಯಿಲ್ ಹೆಚ್ಚು ಜಾಗ ಹಿಡಿದಷ್ಟೂ ಪೆಟ್ರೋಲಿನ ಜಾಗ ಕಡಿಮೆಯಾಗುವುದರಿಂದ ಹೀಗೆ.

ಕಾರ್ಬ್ಯುರೇಟರಿನ ಒಳಗೆ ಯಾರ ಕೆಲಸ ಯಾವಾಗ

ಹಳೆಯ ಸ್ನೋಮೊಬೈಲ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಜಪಾನಿನ ಮಿಕುನಿ ಕಾರ್ಬ್ಯುರೇಟರು, ಸಾಮಾನ್ಯವಾಗಿ ಸಿಲಿಂಡರಿಗೊಂದು. ಪೆಟ್ರೋಲು ಒಂದೇ ದಾರಿಯಿಂದ ಬರುತ್ತದೆ ಎಂದುಕೊಂಡು ಮುಖ್ಯ ಜೆಟ್ಟನ್ನೇ ಮತ್ತೆ ಮತ್ತೆ ಬದಲಿಸುವುದು ಹೊಸಬರ ಸಾಮಾನ್ಯ ತಪ್ಪು. ಥ್ರಾಟಲ್ ಎಷ್ಟು ತೆರೆದಿದೆ ಎಂಬುದರ ಮೇಲೆ ಬೇರೆ ಬೇರೆ ಭಾಗಗಳು ಪೆಟ್ರೋಲಿನ ಹೊಣೆ ಹೊರುತ್ತವೆ.

ಇಂಜಿನ್ ಸುಮ್ಮನೆ ನಿಂತು ಗುರುಗುಡುವಾಗಿನಿಂದ ಕಾಲು ಭಾಗ ಥ್ರಾಟಲ್ ತೆರೆಯುವವರೆಗೆ ಪೈಲಟ್ ಜೆಟ್ ಮತ್ತು ಹೊರಗಿನಿಂದ ತಿರುಗಿಸಬಹುದಾದ ಗಾಳಿಯ ಸ್ಕ್ರೂ ಕೆಲಸ ಮಾಡುತ್ತವೆ. ಆ ಸ್ಕ್ರೂವನ್ನು ಹೊರಕ್ಕೆ ತಿರುಗಿಸಿದರೆ ಗಾಳಿ ಹೆಚ್ಚಿ ಮಿಶ್ರಣ ತೆಳುವಾಗುತ್ತದೆ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಒಂದು ಉದ್ದನೆಯ ಸೂಜಿಯದೇ ಆಳ್ವಿಕೆ. ಥ್ರಾಟಲ್ಲಿನ ಜೊತೆ ಮೇಲೇಳುವ ಈ ಸೂಜಿ ತುದಿಯ ಕಡೆಗೆ ಸಣ್ಣಗಾಗಿರುವುದರಿಂದ, ಮೇಲೆದ್ದಷ್ಟೂ ಸುತ್ತಲಿನ ಸಂದು ದೊಡ್ಡದಾಗಿ ಪೆಟ್ರೋಲು ಹೆಚ್ಚು ಬರುತ್ತದೆ. ಸೂಜಿಯ ತಲೆಯಲ್ಲಿ ಸಾಮಾನ್ಯವಾಗಿ ಐದು ಗೀರುಗಳಿದ್ದು, ಒಂದರಲ್ಲಿ ಕ್ಲಿಪ್ ಕೂತಿರುತ್ತದೆ. ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ಸೂಜಿ ಮೇಲೇರಿ ಮಿಶ್ರಣ ದಟ್ಟವಾಗುತ್ತದೆ. ಕೊನೆಯ ಕಾಲು ಭಾಗದಲ್ಲಿ, ಥ್ರಾಟಲ್ ಪೂರ್ತಿ ತೆರೆದಾಗ, ಮಾತ್ರ ಮುಖ್ಯ ಜೆಟ್ಟಿನ ಮಾತು ನಡೆಯುತ್ತದೆ. ಅದರ ಮೇಲೆ ಕೊರೆದ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ದೊಡ್ಡದು.

ಸ್ನೋಮೊಬೈಲಿನ ಥ್ರಾಟಲ್ ಬೈಕಿನಂತೆ ತಿರುಗಿಸುವುದಲ್ಲ, ಹೆಬ್ಬೆರಳಿನಿಂದ ಒತ್ತುವ ಸನ್ನೆ. ಆ ಸನ್ನೆಯ ಪಕ್ಕದಲ್ಲಿ ಒಂದು ತುಂಡು ಟೇಪು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಪೆನ್ನಿನಲ್ಲಿ ಗೆರೆ ಎಳೆದುಕೊಂಡರೆ, ಇಂಜಿನ್ ಯಾವ ಗೆರೆಯಲ್ಲಿ ಮುಗ್ಗರಿಸುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಅರ್ಧದ ಗೆರೆಯಲ್ಲಿ ತೊಂದರೆಯಿದ್ದರೆ ಮುಖ್ಯ ಜೆಟ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಪ್ಲಗ್ ಹೇಳುವುದು, ಪಿಸ್ಟನ್ ಹೇಳುವುದು

ಮುಖ್ಯ ಜೆಟ್ ಹದವಾಗಿದೆಯೇ ಎಂದು ನೋಡಲು ಹಳೆಯ ಕ್ರಮವೊಂದಿದೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೊಸ ಪ್ಲಗ್ ಹಾಕಿ, ಸುರಕ್ಷಿತವಾದ ಬಯಲಿನಲ್ಲಿ ಸ್ವಲ್ಪ ದೂರ ಪೂರ್ತಿ ಥ್ರಾಟಲ್ಲಿನಲ್ಲಿ ಓಡಿಸಿ, ಹೆಬ್ಬೆರಳು ಸಡಿಲಿಸುವ ಮೊದಲೇ ಕಿಲ್ ಸ್ವಿಚ್ ಒತ್ತಿ ಇಂಜಿನ್ ನಿಲ್ಲಿಸಬೇಕು. ನಿಧಾನವಾಗಿ ಇಳಿಸಿ ನಿಲ್ಲಿಸಿದರೆ ಪೈಲಟ್ ಜೆಟ್ಟಿನ ಗುರುತು ಮೇಲೆ ಕೂತು ಸಾಕ್ಷಿ ಅಳಿದುಹೋಗುತ್ತದೆ. ಬಿಚ್ಚಿದ ಪ್ಲಗ್ಗಿನ ಬಿಳಿ ಪಿಂಗಾಣಿಯ ಬುಡದಲ್ಲಿ, ಟಾರ್ಚ್ ಹಿಡಿದು ಒಳಗೆ ನೋಡಿದರೆ ಮಾತ್ರ ಕಾಣುವಷ್ಟು ಆಳದಲ್ಲಿ, ಕಾಫಿ ಬಣ್ಣದ ತೆಳು ಉಂಗುರವಿದ್ದರೆ ಹದ ಸರಿ. ಅಚ್ಚ ಬಿಳುಪು, ಅದರ ಮೇಲೆ ಸೂಜಿಮೊನೆಯಂಥ ಲೋಹದ ಚುಕ್ಕೆಗಳಿದ್ದರೆ ಪಿಸ್ಟನ್ ಕರಗತೊಡಗಿದೆ ಎಂದೇ ಅರ್ಥ. ಅಲ್ಲಿಂದ ಮುಂದೆ ಓಡಿಸಬಾರದು.

ಇಂದಿನ ಪೆಟ್ರೋಲು, ಆಯಿಲ್‌ಗಳಲ್ಲಿ ಪ್ಲಗ್ಗಿನ ಬಣ್ಣ ಮೊದಲಿನಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಅದಕ್ಕಾಗಿ ಅನುಭವಿಗಳು ಪ್ಲಗ್ಗಿನ ರಂಧ್ರದಿಂದ ಬೆಳಕು ಬಿಟ್ಟು ಪಿಸ್ಟನ್ನಿನ ತಲೆಯನ್ನೇ ನೋಡುತ್ತಾರೆ. ಕರಿ ಕಟ್ಟಿದ ಆ ತಲೆಯ ಅಂಚಿನಲ್ಲಿ, ತಾಜಾ ಮಿಶ್ರಣ ನುಗ್ಗುವ ಕಿಂಡಿಗಳ ಎದುರಿಗೆ, ತೊಳೆದಂತೆ ಹೊಳೆಯುವ ಸಣ್ಣ ತೇಪೆಗಳು ಕಾಣುತ್ತವೆ. ಪೆಟ್ರೋಲು ತೊಳೆದ ಜಾಗವದು. ತೇಪೆ ತೀರಾ ದೊಡ್ಡದಿದ್ದರೆ ಮಿಶ್ರಣ ದಟ್ಟ, ತೇಪೆಯೇ ಇಲ್ಲದೆ ಅಂಚಿನವರೆಗೂ ಒಣ ಕರಿ ಇದ್ದರೆ ತೆಳು.

ಕರಿ ಎಲ್ಲಿಂದ ಬರುತ್ತದೆ, ಏನು ಮಾಡುತ್ತದೆ

ಬಜ್ಜಿ ಕರಿಯುವ ಬಾಣಲೆಯ ಹೊರಮೈಯಲ್ಲಿ ವರ್ಷಗಟ್ಟಲೆ ಕಟ್ಟಿದ ಕಪ್ಪು ಪದರವನ್ನು ಉಗುರಿನಿಂದ ಕೆರೆದರೆ ಬರುವುದಿಲ್ಲ. ಅದು ಬರೀ ಹೊಗೆಯ ಮಸಿಯಲ್ಲ, ಎಣ್ಣೆ ಶಾಖಕ್ಕೆ ಬೆಂದು ಬೆಂದು ಗಟ್ಟಿಯಾದದ್ದು. ಟೂ ಸ್ಟ್ರೋಕ್ ಇಂಜಿನ್ನಿನ ಕರಿಯೂ ಇಂಥದ್ದೇ. ದಟ್ಟ ಮಿಶ್ರಣ, ಹೆಚ್ಚು ಆಯಿಲ್, ಇಂಜಿನ್ ಸರಿಯಾಗಿ ಬಿಸಿಯಾಗಲು ಬಿಡದ ಸಣ್ಣ ಸಣ್ಣ ಓಡಾಟ, ಗಂಟೆಗಟ್ಟಲೆ ನಿಂತಲ್ಲೇ ಉರಿಸುವುದು, ಇವೆಲ್ಲ ಅದನ್ನು ಬೆಳೆಸುತ್ತವೆ. ತೆಳು ಮಿಶ್ರಣಕ್ಕೆ ಹೆದರಿ ಸದಾ ಎರಡು ಸಂಖ್ಯೆ ದೊಡ್ಡ ಜೆಟ್ ಹಾಕಿಕೊಂಡು ಓಡಾಡುವವರ ಗಾಡಿಯಲ್ಲಿ ಅದು ಬೇಗ ಕಟ್ಟುತ್ತದೆ.

ಬಚ್ಚಲುಮನೆಯ ಹಂಡೆಯ ತಳದಲ್ಲಿ ದಪ್ಪಗೆ ಮಸಿ ಕಟ್ಟಿದರೆ ನೀರು ಕಾಯಲು ಹೆಚ್ಚು ಹೊತ್ತು ಬೇಕಾಗುವುದು ಮಸಿ ಶಾಖವನ್ನು ತಡೆಯುವುದರಿಂದ. ಸಿಲಿಂಡರ್ ಹೆಡ್ಡಿನಲ್ಲಿ ಕಟ್ಟಿದ ಕರಿಯೂ ಶಾಖ ಹೊರಹೋಗುವುದನ್ನು ತಡೆಯುತ್ತದೆ. ಅಲ್ಲಲ್ಲಿ ಕೆಂಡದಂತೆ ಕಾದು, ಪ್ಲಗ್ಗಿನ ಕಿಡಿಗಿಂತ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಹೊತ್ತಿದ ಬೆಂಕಿ ಅದರ ತಲೆಯ ಮೇಲೆ ಸುತ್ತಿಗೆಯಂತೆ ಬಡಿಯುತ್ತದೆ.

ಪಿಸ್ಟನ್ನಿನ ಸುತ್ತ ಬಳೆಯಂತೆ ಇರುವ ರಿಂಗುಗಳು ಕೂರುವ ಗೀರಿನಲ್ಲಿ ಕರಿ ತುಂಬಿದರೆ ರಿಂಗು ಅಲ್ಲೇ ಸಿಕ್ಕಿಬೀಳುತ್ತದೆ. ಸಿಲಿಂಡರಿಗೆ ಒತ್ತಿ ಕೂತು ಅನಿಲವನ್ನು ತಡೆಯುವುದರ ಜೊತೆಗೆ ಪಿಸ್ಟನ್ನಿನ ಶಾಖವನ್ನು ಸಿಲಿಂಡರಿಗೆ ದಾಟಿಸುವುದೂ ರಿಂಗಿನ ಕೆಲಸವಾದ್ದರಿಂದ, ಸಿಕ್ಕಿಬಿದ್ದ ರಿಂಗಿನ ಪಿಸ್ಟನ್ ಬೇಗ ಕಾಯುತ್ತದೆ, ಕೊನೆಗೆ ಸೀಜ್ ಆಗುತ್ತದೆ. ದಟ್ಟ ಮಿಶ್ರಣದ ಇಂಜಿನ್ನೂ ಹೀಗೆ ಸುತ್ತಿ ಬಳಸಿ ಸೀಜ್ ಆಗಬಲ್ಲದು. ಹೆದರಿಕೆಯ ಜೆಟ್ ಕೊಡುವ ರಕ್ಷಣೆ ಅಷ್ಟಕ್ಕಷ್ಟೆ.

ಮೂರನೆಯ ಜಾಗ ಸ್ನೋಮೊಬೈಲ್‌ನವರಿಗೆ ಚಿರಪರಿಚಿತವಾದ ಎಗ್ಸಾಸ್ಟ್ ವಾಲ್ವ್. ಹೊಗೆ ಹೊರಹೋಗುವ ಕಿಂಡಿಯ ಮೇಲ್ಭಾಗದಲ್ಲಿ ಒಂದು ಚಪ್ಪಟೆ ತಗಡು ಕತ್ತಿಯಂತೆ ಇಳಿದಿರುತ್ತದೆ. ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಕಡಿಮೆಯಿದ್ದಾಗ ಅದು ಕಿಂಡಿಯನ್ನು ಸ್ವಲ್ಪ ಮುಚ್ಚಿ ಎಳೆತ ಹೆಚ್ಚಿಸುತ್ತದೆ, ವೇಗ ಏರಿದಾಗ ಮೇಲೆದ್ದು ಕಿಂಡಿ ಪೂರ್ತಿ ತೆರೆಯುತ್ತದೆ. ಸ್ಕೀ-ಡೂಗಳಲ್ಲಿ ಇರುವ ರೋಟಾಕ್ಸ್ ಇಂಜಿನ್ನಿನವರು ಇದನ್ನು ರೇವ್ ಎನ್ನುತ್ತಾರೆ, ಪೊಲಾರಿಸ್‌ನವರು ವಿಇಎಸ್ ಎನ್ನುತ್ತಾರೆ. ಎಣ್ಣೆಹೊಗೆಯ ದಾರಿಯಲ್ಲೇ ಕೂತಿರುವುದರಿಂದ ಇದಕ್ಕೆ ಕರಿ ಅಂಟುವುದು ಸಹಜ. ಕೆಳಗೆ ಸಿಕ್ಕಿಕೊಂಡರೆ ಗಾಡಿ ಹೊರಡುವಾಗ ಚೆನ್ನಾಗಿದ್ದು ಮೇಲಿನ ಆರ್‌ಪಿಎಂ ಮುಟ್ಟುವುದಿಲ್ಲ. ಮೇಲೆ ಸಿಕ್ಕಿಕೊಂಡರೆ ಹೊರಡುವಾಗಲೇ ಸೊರಗುತ್ತದೆ. ಎರಡೂ ಲಕ್ಷಣ ಜೆಟ್ ತಪ್ಪಿದ ಹಾಗೆಯೇ ಕಾಣುವುದರಿಂದ ಜನ ಜೆಟ್ ಬದಲಿಸುತ್ತಾ ಕೂರುತ್ತಾರೆ.

ಜೆಟ್ಟಿಗೆ ಕೈ ಹಾಕುವ ಮೊದಲು

ಮೊದಲು ವಾಲ್ವ್ ಬಿಚ್ಚಿ ನೋಡಬೇಕು. ಅನೇಕ ಮಾದರಿಗಳಲ್ಲಿ ಎರಡು ಬೋಲ್ಟ್ ಸಡಿಲಿಸಿದರೆ ಅದರ ಇಡೀ ಗೂಡೇ ಕೈಗೆ ಬರುತ್ತದೆ. ಸ್ವಚ್ಛವಾದ ವಾಲ್ವ್ ತನ್ನ ಜಾಡಿನಲ್ಲಿ ಬೆರಳಿನ ಒತ್ತಿಗೆ ಸರಾಗವಾಗಿ ಜಾರಬೇಕು. ಕರಿ ಕಟ್ಟಿದ್ದು ಹಲಸಿನ ಮೇಣ ಹಚ್ಚಿದಂತೆ ಎಳೆದೆಳೆದು ಬರುತ್ತದೆ, ತುದಿಯಲ್ಲಿ ಟಾರಿನಂಥ ಮೃದು ಪದರ, ಅದರಡಿಯಲ್ಲಿ ಗಟ್ಟಿ ಹೊಪ್ಪಳೆ. ಯಾವುದು ಎಡ, ಯಾವುದು ಬಲ, ಯಾವ ಮೈ ಮೇಲೆ ಎಂದು ಗುರುತು ಹಾಕಿಕೊಂಡು, ಲೋಹದ ಭಾಗವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಿತ್ತಾಳೆಯ ಬ್ರಷ್ ಇಲ್ಲವೇ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಬಹುದು. ತಿರುಗಾಮುರುಗಾ ಹಾಕಿದರೆ ಕೆಲವು ಮಾದರಿಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ತಾಗುತ್ತದೆ. ರಬ್ಬರಿನ ಭಾಗಗಳಿಗೆ ಕಾರ್ಬ್ಯುರೇಟರ್ ಕ್ಲೀನರ್ ತಾಗಿಸಬಾರದು, ಅವು ಉಬ್ಬಿ ಹಾಳಾಗುತ್ತವೆ.

ಯೆಜ್ಡಿಯ ಕಾಲದಲ್ಲಿ ಸೈಲೆನ್ಸರ್ ಬಿಚ್ಚಿ ಒಳಗಿನ ಕರಿಯನ್ನು ಸುಟ್ಟೋ ಕಾಸ್ಟಿಕ್ ಸೋಡಾದಲ್ಲಿ ನೆನೆಸಿಯೋ ತೆಗೆಯುತ್ತಿದ್ದುದನ್ನು ನೆನಪಿಟ್ಟವರು ಇಲ್ಲಿ ಎಚ್ಚರವಾಗಿರಬೇಕು. ಕಾಸ್ಟಿಕ್ ಸೋಡಾ ಉಕ್ಕಿಗೆ ಏನೂ ಮಾಡದಿದ್ದರೂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಪಿಸ್ಟನ್, ಹೆಡ್ಡುಗಳ ಹತ್ತಿರ ಅದು ಸುಳಿಯಬಾರದು. ರಿಂಗಿನ ಗೀರು ಸ್ವಚ್ಛ ಮಾಡಲು ಮುರಿದ ಹಳೆಯ ರಿಂಗಿನ ತುಂಡಿನಷ್ಟು ಒಪ್ಪುವ ಉಪಕರಣ ಬೇರೆಯಿಲ್ಲ, ಏಕೆಂದರೆ ಅದರ ಅಳತೆ ಗೀರಿನ ಅಳತೆಯೇ. ಕಾರ್ಬ್ಯುರೇಟರಿನ ಮೂಲಕ ಸಿಂಪಡಿಸುವ ಕರಿ ಕರಗಿಸುವ ದ್ರಾವಣಗಳು ಮೃದು ಪದರಕ್ಕೆ ಸಾಕು, ಗಟ್ಟಿ ಹೊಪ್ಪಳೆಗೆ ಸಾಲವು.

ವಾಲ್ವ್ ಚೆನ್ನಾಗಿದ್ದರೆ ಮುಂದಿನ ಅನುಮಾನ ಗಾಳಿಯ ಸೋರಿಕೆ. ಕಾರ್ಬ್ಯುರೇಟರನ್ನು ಹಿಡಿದಿರುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಅಥವಾ ಪಿಸ್ಟನ್ನುಗಳು ತಿರುಗಿಸುವ ದಂಡದ, ಅಂದರೆ ಕ್ರ್ಯಾಂಕಿನ, ಸೀಲು ಸವೆದಿದ್ದರೆ ಜೆಟ್ಟಿನ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಥ್ರಾಟಲ್ ಬಿಟ್ಟ ಮೇಲೂ ಆರ್‌ಪಿಎಂ ಕೆಳಗಿಳಿಯದೆ ಮೇಲೆಯೇ ತೂಗಾಡುವುದು ಇದರ ಮುಖ್ಯ ಸುಳಿವು. ಬೇಸಗೆಯಿಡೀ ಉಳಿದ ಪೆಟ್ರೋಲು ಆರಿ, ಪೈಲಟ್ ಜೆಟ್ಟಿನ ಕೂದಲೆಳೆಯಂಥ ರಂಧ್ರವನ್ನು ಅಂಟಿನಂತೆ ಮುಚ್ಚಿರುವುದೂ ಸಾಮಾನ್ಯ. ಇದಲ್ಲದೆ ಸ್ನೋಮೊಬೈಲಿಗೆ ಗೇರಿನ ಬದಲು ಸ್ಕೂಟಿಯಂತೆ ಬೆಲ್ಟಿನ ವ್ಯವಸ್ಥೆ ಇರುವುದರಿಂದ, ಸವೆದ ಬೆಲ್ಟೂ ಆರ್‌ಪಿಎಂ ಏರುಪೇರು ಮಾಡುತ್ತದೆ. ಇಷ್ಟೂ ನೋಡಿದ ಮೇಲೆ ಜೆಟ್ ಬದಲಿಸುವುದಾದರೆ ಒಂದು ಸಲಕ್ಕೆ ಒಂದೇ ಭಾಗ, ಒಂದೇ ಹೆಜ್ಜೆ, ಮತ್ತು ದಟ್ಟ ಕಡೆಯಿಂದ ತೆಳು ಕಡೆಗೆ.

ಸೆನ್ಸರ್ ಇರುವ ಇಂಜಿನ್ನುಗಳು

ಸ್ಕೀ-ಡೂ 2009ರ ಮಾದರಿಗಳಲ್ಲಿ ತಂದ ಇ-ಟೆಕ್‌ನಂಥ ವ್ಯವಸ್ಥೆಯಲ್ಲಿ ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸಲಾಗುತ್ತದೆ. ಗಾಳಿಯ ಉಷ್ಣತೆ ಮತ್ತು ಒತ್ತಡವನ್ನು ಸೆನ್ಸರ್‌ಗಳು ಅಳೆದು, ಕಂಪ್ಯೂಟರ್ ಕ್ಷಣಕ್ಷಣಕ್ಕೂ ಲೆಕ್ಕ ಹಾಕುವುದರಿಂದ ಮೈನಸ್ 30ಕ್ಕೊಂದು ಜೆಟ್, ಬೆಟ್ಟಕ್ಕೊಂದು ಜೆಟ್ ಎಂಬ ಗೋಜಿಲ್ಲ. ಆಯಿಲ್ಲೂ ಕಡಿಮೆ ಸಾಕು. ಆದರೂ ಅದು ಟೂ ಸ್ಟ್ರೋಕೇ. ಆಯಿಲ್ ಉರಿಯುತ್ತದೆ, ವಾಲ್ವಿಗೆ ಕರಿ ಕಟ್ಟುತ್ತದೆ, ಕಟ್ಟಿದ ಕರಿಯನ್ನು ಕಂಪ್ಯೂಟರ್ ಕೆರೆದು ತೆಗೆಯಲಾರದು.

ಕಾರ್ಬ್ಯುರೇಟರಿನ ಗಾಡಿ ಇರುವವರು ಮಾರ್ಚ್ ತಿಂಗಳ ಮೇಲೆ ಕಣ್ಣಿಡಬೇಕು. ಬಿಸಿಲು ಏರಿ ಹಗಲಿನ ಉಷ್ಣತೆ ಸೊನ್ನೆ ದಾಟಿದರೂ ಜನವರಿಯಲ್ಲಿ ಹಾಕಿದ ದೊಡ್ಡ ಜೆಟ್ ಹಾಗೆಯೇ ಉಳಿದಿರುತ್ತದೆ. ಇಂಜಿನ್ ಓಡುತ್ತದೆ, ಏನೂ ಕೆಟ್ಟಂತೆ ಕಾಣುವುದಿಲ್ಲ, ಆದರೆ ಮಿಶ್ರಣ ದಟ್ಟವಾಗಿದ್ದು ಕರಿ ಕಟ್ಟುವುದಕ್ಕೆ ಅದೇ ಹೇಳಿಮಾಡಿಸಿದ ಹೊತ್ತು. ಜೆಟ್ಟನ್ನು ಆಗಲೇ ಇಳಿಸಿ, ಗಾಡಿಗೆ ಹೊದಿಕೆ ಹಾಕುವ ಮೊದಲು ಒಮ್ಮೆ ವಾಲ್ವ್ ಬಿಚ್ಚಿ ತೊಳೆದಿಟ್ಟರೆ, ಕರಿ ಇನ್ನೂ ಮೃದುವಾಗಿರುವಾಗಲೇ ಸೀಮೆಎಣ್ಣೆಗೆ ಬಿಟ್ಟುಕೊಳ್ಳುತ್ತದೆ.